ಆರನೆಯ ಎಂಟ್ರಿ

ಹತ್ತು ಸೆಕೆಂಡಿನಲ್ಲಿ ಇನ್ನೂರು ಮೀಟರ್ ಓಡಿ, ಪಕ್ಕದವನ ತೊಡೆ ಮುರಿಯಲು ಕಾರಣನಾಗಿ, ಹೇಳಹೆಸರಿಲ್ಲದಂತೆ ಮಾಯವಾಗಿದ್ದ ಬೈಕ್ ಸವಾರ ಯಳಂದೂರಿನ ತನ್ನ ಮನೆಯ ಜಗಲಿಯ ಮೇಲೆ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ. ವಯಸ್ಸು ಎಪ್ಪತ್ತೊಂಬತ್ತು. ಎಡಗಣ್ಣಿಗೆ ಪೊರೆ ಬಂದಿತ್ತು.

ಶಾಂತಮೂರ್ತಿ ಮೇಷ್ಟ್ರು ಕೈಯಲ್ಲಿದ್ದ ರೇಸಿನ ಎಂಟ್ರಿ ಫಾರಂ ನೋಡಿದರು, ಮುದುಕನನ್ನು ನೋಡಿದರು. ಫಾರಂಗೆ ಪಿನ್ನು ಹೊಡೆದಿದ್ದ ಆಧಾರ್ ಜೆರಾಕ್ಸಿನಲ್ಲಿ ಇದ್ದದ್ದು ಇದೇ ಮುಖ.

"ಚಿಕ್ಕಸಿದ್ದಯ್ಯ ಅಂದರೆ ನೀವೇನಾ?"

"ಊ ಕಣಪ್ಪ. ಪಿಂಚಣಿ ಕಡೆಯೋರಾ?"

"ಅಲ್ಲ. ನೀವು ಗಾಡಿ ಓಡಿಸ್ತೀರಾ ಅಂತ ಕೇಳೋಣ ಅಂತ ಬಂದೆ."

"ಓಡುಸ್ತಿದ್ದೆ. ಎತ್ತು ಮಾರಿ ಅದಿನೈದ್ ವರ್ಸಾಯ್ತು." ಮುದುಕ ಎಲೆ ಮಡಿಚಿ ಬಾಯಿಗಿಟ್ಟುಕೊಂಡ. "ಈಗ ಯಾರ್ ಕೇಳಾರು, ಬುಡಿ."

ನಗು ಬರಬೇಕಾದ ಮಾತು. ಮೇಷ್ಟ್ರಿಗೆ ಬರಲಿಲ್ಲ.

"ಆಧಾರ್ ಕಾರ್ಡ್ ಯಾರಿಗಾದ್ರೂ ಕೊಟ್ಟಿದ್ದಿರಾ?"

"ನಾನ್ಯಾಕ್ ಕೊಟ್ಟೇನು? ಮೊಮ್ಮಗಳು ಬಂದಿದ್ದಾಗ ಜೆರಾಕ್ಸ್ ಮಾಡ್ಕಂಡ್ ಓದ್ಲು. ರೂಪ ಅಂತ. ಅಜ್ಜೀಪುರುಕ್ ಕೊಟ್ಟಿವಿ." ಮುದುಕನ ದನಿ ಇಳಿಯಿತು. "ಪಾಪ, ಅವ್ಳ್ ಗಂಡ ಅದ್ಯಾವ್ದೋ ರೇಸಲ್ಲಿ ಬಿದ್ದು ತೊಡೆ ಮುರ್ಕಂಡು ಕಾಮಗೆರೆ ಆಸ್ಪತ್ರೆಲವ್ನೆ. ಅದ್ಯಾವ್ ಪಾಪಿ ಗುದ್ದುಸ್ದ್ನೋ, ಅವ್ನ್ ಕೈ ಸೇದೋಗ."

ಮೇಷ್ಟ್ರು ಜಗಲಿಯ ಕಂಬ ಹಿಡಿದುಕೊಂಡು ನಿಂತರು. ಮುದುಕ ಶಾಪ ಹಾಕಿದ್ದು ಯಾರಿಗೋ. ಹೆಗಲು ಮುಟ್ಟಿ ನೋಡಿಕೊಂಡವರು ಇವರು.

ಕೊಳ್ಳೇಗಾಲದ ಸುತ್ತಮುತ್ತ ಅವರನ್ನು 'ಪತ್ತೇದಾರ ಮೇಷ್ಟ್ರು' ಎನ್ನುತ್ತಾರೆ. ಐಟಿಐನಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಪಾಠ ಹೇಳಿ ನಿವೃತ್ತರಾದ ಮೇಲೆ, ಎಂಜಿನ್ ನಂಬರು ಉಜ್ಜಿ ಮಾರಿದ ಕಳ್ಳ ಟ್ರ್ಯಾಕ್ಟರುಗಳನ್ನು ಬರೀ ಅರದ ಗೀರು ನೋಡಿ ಹಿಡಿದುಕೊಟ್ಟವರು. ಪೊಲೀಸರಿಗೂ ಅವರೇ ಬೇಕು, ಬೈಕ್ ರೇಸು ನಡೆಸುವ ಡ್ರ್ಯಾಗ್ ಕ್ಲಬ್ಬಿಗೂ ಅವರೇ ಬೇಕು. ಹನೂರಿನಾಚೆ ಕರಿಕಲ್ಲಿನ ಕ್ವಾರಿಯವರು ಲಾರಿಗಾಗಿ ಮಾಡಿಸಿದ ನೆಟ್ಟಗಿನ ರಸ್ತೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಬೈಕ್ ರೇಸಿಗೆ ಗಾಡಿ ತಪಾಸಣೆ ಮಾಡುವವರು ಅವರು. ಯಾವ ವರ್ಗಕ್ಕೆ ಯಾವ ಗಾಡಿ ಎಂಬ ನಿಯಮ ಬರೆದವರೂ ಅವರೇ.

ಕಳೆದ ಭಾನುವಾರ ನೂರು ಸಿಸಿ ವರ್ಗದಲ್ಲಿ ಆರನೆಯ ನಂಬರಿನ ಗಾಡಿಯ ಚೈನು ಅರ್ಧ ದಾರಿಯಲ್ಲಿ ಕಿತ್ತು ಹಾರಿ, ಪಕ್ಕದಲ್ಲಿ ಓಡುತ್ತಿದ್ದ ಅಜ್ಜೀಪುರದ ಗ್ಯಾರೇಜಿನ ಶಾಂತರಾಜುವಿನ ಮುಂದಿನ ಚಕ್ರಕ್ಕೆ ಸುತ್ತಿಕೊಂಡಿತ್ತು. ಜನವೆಲ್ಲ ಬಿದ್ದವನ ಕಡೆ ಓಡಿದಾಗ ಆರನೆಯ ಗಾಡಿ ತಿರುವಿನಾಚೆ ಉರುಳಿ ಕಣ್ಮರೆಯಾಗಿತ್ತು. ಸವಾರ ಯಾರೆಂದು ಹುಡುಕಿಕೊಡಿ ಎಂದು ಎಲ್ಲರೂ ಮೇಷ್ಟ್ರನ್ನೇ ಕೇಳಿದ್ದರು.

ಕೇಳಿದವರೆಲ್ಲರದ್ದೂ ಒಂದೇ ಪ್ರಶ್ನೆ. "ತಪಾಸಣೆ ಮಾಡುವಾಗ ಮುಖ ನೋಡಿರ್ತೀರಲ್ಲ ಮೇಷ್ಟ್ರೇ?"

ನೋಡಿರಲಿಲ್ಲ. ಮುಖವನ್ನೂ ನೋಡಿರಲಿಲ್ಲ, ಗಾಡಿಯನ್ನೂ ನೋಡಿರಲಿಲ್ಲ.

ಒಂದು ವರ್ಗಕ್ಕೆ ಆರು ಎಂಟ್ರಿಯಾದರೂ ಇರಬೇಕು, ಇಲ್ಲದಿದ್ದರೆ ಆ ವರ್ಗ ರದ್ದು. ಒಂಬತ್ತು ವರ್ಷದ ಹಿಂದೆ ಹೀಗೆ ಬರೆದಾಗ ನೂರು ಸಿಸಿಯಲ್ಲೇ ಮೂವತ್ನಾಲ್ಕು ಜನ ಇದ್ದರು. ಈ ಸಲ ಐದು. ಎರಡು ಗಂಟೆಗೆ ಎಂಟ್ರಿ ಮುಚ್ಚಿ, ಕೂಡಲೇ ರೇಸು ಬಿಡಬೇಕು. ಎರಡಕ್ಕೆ ನಾಲ್ಕು ನಿಮಿಷ ಇದ್ದಾಗ ನೀಲಿ ಟ್ಯಾಂಕಿನ ಆರನೆಯ ಗಾಡಿ ಬಂತು. ಬಿಸಿಲಿನಲ್ಲಿ ಬೆಳಗಿನಿಂದ ಕಾದು ಕೂತಿದ್ದ ಐದು ಜನ ಒಟ್ಟಿಗೆ ಎದ್ದು ನಿಂತು ಮೇಷ್ಟ್ರ ಕಡೆ ನೋಡಿ, ಗಾಡಿ ತಳ್ಳಿಕೊಂಡು ಗೆರೆಯ ಕಡೆ ಹೊರಟೇಬಿಟ್ಟರು. ಸರಿಯಾಗಿ ಮಾಡಿದರೆ ತಪಾಸಣೆ ಇಪ್ಪತ್ತು ನಿಮಿಷದ ಕೆಲಸ. ಮೇಷ್ಟ್ರು ಹೆಲ್ಮೆಟ್ ತೆಗೆ ಎನ್ನಲಿಲ್ಲ. ಬಗ್ಗಲಿಲ್ಲ. 'ಪರಿಶೀಲಿಸಲಾಗಿದೆ' ಎಂಬ ಕಡೆ ಸೈನು ಹಾಕಿ ಕೈಬೀಸಿದರು.

ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಎಷ್ಟು ಜನರನ್ನು ಆಡಿಕೊಂಡಿದ್ದರೋ ಲೆಕ್ಕವಿಲ್ಲ.

ಮುದುಕ ಎಲೆ ತಟ್ಟೆಯನ್ನು ಅವರತ್ತ ತಳ್ಳಿದ. "ಒಂದೆಲೆ ಆಕಳಿ ಸಾ. ನಮ್ಮೂರ್ದೇಯ."

"ಬೇಡ ಅಜ್ಜ," ಎಂದು ಮೇಷ್ಟ್ರು ಸ್ಕೂಟರಿನ ಕಡೆ ನಡೆದರು.

*

ಕೊಳ್ಳೇಗಾಲದ ಬೈಪಾಸಿನಲ್ಲಿ ಬಂಡಳ್ಳಿ ಮಾದಣ್ಣನ ಗ್ಯಾರೇಜು. ಇವತ್ತು ಅದರ ಮುಂದೆ ಒಬ್ಬ ಕಾನ್‌ಸ್ಟೇಬಲ್ ಸ್ಟೂಲು ಹಾಕಿಕೊಂಡು ಕೂತಿದ್ದ. ಬೆಳಿಗ್ಗೆ ಹಿಂದಿನ ಶೆಡ್ಡಿನಲ್ಲಿ, ಗೋಣಿತಾಟಿನ ಕೆಳಗೆ, ಚೈನಿಲ್ಲದ ನೀಲಿ ಟ್ಯಾಂಕಿನ ಗಾಡಿ ಸಿಕ್ಕಿತ್ತು. ಮಧ್ಯಾಹ್ನ ಮೂರಕ್ಕೆ ಮಾದಣ್ಣ ಠಾಣೆಗೆ ಹೋಗಬೇಕು. ಬೇಕೆಂದೇ ಚೈನು ಸಡಿಲ ಮಾಡಿ ಒಬ್ಬನ ಜೀವಕ್ಕೆ ಸಂಚಕಾರ ತಂದ ಎಂದು ಕೇಸು ಮಾಡುತ್ತಾರಂತೆ.

ಕಾರಣವನ್ನೂ ಜನರೇ ಒದಗಿಸಿಕೊಟ್ಟಿದ್ದರು. ಮಾದಣ್ಣನಿಗೆ ಕ್ಲಬ್ಬಿನ ಮೇಲೆ ಹಳೇ ಸಿಟ್ಟು ಎಂದು.

ಸಿಟ್ಟಿಗೆ ಕಾರಣ ಮೇಷ್ಟ್ರು. ಹಳೆಯ ಟೂ-ಸ್ಟ್ರೋಕ್ ಗಾಡಿಯ ಸಿಲಿಂಡರು ಸವೆದರೆ ಬೋರ್ ಹೊಡೆಸಿ, ಅಂದರೆ ಒಳಗೆ ಕೊರೆಸಿ, ತುಸು ದೊಡ್ಡ ಪಿಸ್ಟನ್ ಹಾಕುತ್ತಾರೆ. ಮೊದಲ ಸಲ ಹೊಡೆಸಿದರೆ ತೊಂಬತ್ತೊಂಬತ್ತು ಚಿಲ್ಲರೆ ಸಿಸಿ. ಎರಡನೆಯ ಸಲಕ್ಕೆ ನೂರು ದಾಟಿಬಿಡುತ್ತದೆ, ಅದೂ ಒಂದು ಸಿಸಿಯ ಏಳನೆಯ ಒಂದು ಭಾಗದಷ್ಟು. ಮೂರು ವರ್ಷದ ಹಿಂದೆ ಮಾದಣ್ಣನ ಗಾಡಿಯನ್ನು ಅಷ್ಟಕ್ಕೇ ಹೊರಗೆ ಹಾಕಿದ್ದರು. "ನಿಯಮ ಅಂದ್ರೆ ನಿಯಮ ಕಣೋ" ಎಂದಿದ್ದರು, ಎಲ್ಲರ ಎದುರಿಗೆ. ಆಮೇಲೆ ಮಾದಣ್ಣ ರೇಸಿಗೆ ಹೆಸರು ಕೊಡಲಿಲ್ಲ. ಅವನ ಹಾಗೆಯೇ ಬೋರ್ ಹೊಡೆಸಿಕೊಂಡಿದ್ದ ಇನ್ನೂ ಹತ್ತಾರು ಜನ ಕೊಡಲಿಲ್ಲ. ಎಂಟ್ರಿ ಯಾಕೆ ಕಮ್ಮಿಯಾಯಿತು ಎಂದು ಕ್ಲಬ್ಬಿನ ಸೆಕ್ರೆಟರಿ ಚನ್ನಬಸವ ಪ್ರತಿ ವರ್ಷ ತಲೆ ಕೆರೆದುಕೊಳ್ಳುತ್ತಿದ್ದ. ಮೇಷ್ಟ್ರೂ ಜೊತೆಗೆ ಕೆರೆದುಕೊಳ್ಳುತ್ತಿದ್ದರು.

ಮಾದಣ್ಣ ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಬಂದ. ನಲವತ್ತು ದಾಟಿದ ಆಳು, ಮೇಷ್ಟ್ರ ಎದುರಿಗೆ ಇನ್ನೂ ಐಟಿಐ ಹುಡುಗನಂತೆಯೇ ನಿಲ್ಲುತ್ತಾನೆ.

"ಟೀ ಏಳ್ಲಾ ಸಾ?"

"ಟೀ ಇರ್ಲಿ. ಗಾಡಿ ನಿನ್ನ ಶೆಡ್ಡಿಗೆ ಹೆಂಗೆ ಬಂತು?"

"ನಾನೇ ಲಗೇಜ್ ಆಟೋದಲ್ಲಿ ಆಕಂಡ್ ಬಂದೆ."

"ಓಡಿಸಿದ್ದು ಯಾರು?"

ಮಾದಣ್ಣ ಗ್ರೀಸ್ ಒರೆಸುವುದನ್ನೇ ಮುಂದುವರಿಸಿದ.

"ಮಾದ, ನಾನು ಯಳಂದೂರಿಂದ ಬರ್ತಿದೀನಿ. ಯಾರು ಅಂತ ನಂಗೆ ಗೊತ್ತು."

ಬಟ್ಟೆ ನಿಂತಿತು. "ಗೊತ್ತಿದ್ರೆ ನಿಮ್ಮೊಟ್ಟೇಲೇ ಇಟ್ಕಳಿ ಸಾ. ಗಂಡ ಕಾಲ್ ಮುರ್ಕಂಡ್ ಮನ್ಗವ್ನೆ. ಮನೇಲಿ ಅಸುಗೂಸು. ನಾನಾದ್ರೆ ಒಂಟಿ ಜೀವ."

ಮೇಷ್ಟ್ರು ಜೇಬಿನಿಂದ ಫೋನು ತೆಗೆದರು. ರೇಸು ಶುರುವಾಗುವ ಮೊದಲು ಯಾರೋ ನೋಡಲು ಬಂದವನು ತೆಗೆದ ಫೋಟೋ. ಪೊಲೀಸರು ಅವರಿಗೆ ಕಳಿಸಿ ಎರಡು ದಿನವಾಗಿತ್ತು. ಹಿಗ್ಗಿಸಿ ತೋರಿಸಿದರು. ನೀಲಿ ಟ್ಯಾಂಕು, ಬೂಟು, ಹಿಂದಿನ ಚಕ್ರ, ಚೈನು. ಚೈನಿನ ಎರಡು ತುದಿ ಸೇರುವ ಕಡೆ ಒಂದು ಪುಟ್ಟ ಲಾಕು.

ಮಾದಣ್ಣ ಒಂದೇ ನೋಟಕ್ಕೆ ಹೇಳಿದ. "ಉಲ್ಟಾ ಅದೆ."

ಆ ಲಾಕು ನೋಡಲು ಮೀನಿನಂತಿರುತ್ತದೆ. ಮುಚ್ಚಿದ ತಲೆ ಚೈನು ಓಡುವ ಕಡೆಗಿರಬೇಕು, ಸೀಳಿದ ಬಾಲ ಹಿಂದಕ್ಕೆ. ತಿರುಗುಮುರುಗಾಗಿ ಹಾಕಿದರೆ ಓಟದಲ್ಲಿ ಎಲ್ಲಿಗಾದರೂ ತಗುಲಿ ಕಳಚಿಕೊಳ್ಳುತ್ತದೆ. "ಮೀನು ಬಾಲ ಮುಂದೆ ಮಾಡ್ಕೊಂಡು ಈಜುತ್ತೇನ್ರೋ?" ಎಂದು ಮೇಷ್ಟ್ರು ಕಿವಿ ಹಿಂಡುತ್ತಿದ್ದುದನ್ನು ಅವರ ಶಿಷ್ಯರು ಯಾರೂ ಮರೆತಿಲ್ಲ. ಎಂಜಿನ್ ಬಿಚ್ಚಬೇಕಿಲ್ಲ, ಸ್ಪಾನರ್ ಬೇಕಿಲ್ಲ. ಬಗ್ಗಿದರೆ ಸಾಕು, ಕಾಣುತ್ತದೆ.

"ನೀನು ಹಾಕಿದ್ಯಾ ಈ ಚೈನು?"

"ನಾನಾ? ಇಂಗಾ?" ಮಾದಣ್ಣನಿಗೆ ಪೊಲೀಸರು ಬಂದಾಗ ಆಗದ ಅವಮಾನ ಈಗಾಯಿತು. "ನಾನ್ ಕೊಟ್ಟಿದ್ ಬರೀ ಟ್ಯಾಂಕು. ಗಾಡಿ ಅವ್ರುದ್ದು."

"ಆವತ್ತು ತಪಾಸಣೆ ಸಾಲಲ್ಲಿ ನೀನು ಎಲ್ಲಿದ್ದೆ?"

"ಟ್ಯಾಂಕ್ ಎಂಗ್ ಕೂತದೆ ನೋಡನ ಅಂತ ಬಂದಿದ್ದೆ. ನಿಮ್ಮ್ ಇಂದೇನೇ ಇದ್ದೆ ಸಾ."

"ಹಂಗಾದ್ರೆ ನೋಡಿದ್ದೀಯ."

ಮಾದಣ್ಣ ತಲೆ ಎತ್ತಲಿಲ್ಲ. "ಏನ್ ನೋಡ್ನಿ ನಾನು? ಬಿಸ್ಲು ಜೋರಾಗಿತ್ತು."

ಅವನು ನೋಡಿದ್ದ. ತನ್ನ ಗಾಡಿಗೆ ಗೇಜು ಇಳಿಬಿಟ್ಟು ಕೂದಲೆಳೆ ಅಳೆದ ಮನುಷ್ಯ, ನಿಂತಲ್ಲಿಂದಲೇ ಕೈಬೀಸಿದ್ದನ್ನು ಎರಡಡಿ ದೂರದಿಂದ ನೋಡಿದ್ದ. ನೋಡಿಯೂ ಊರಿನಲ್ಲಿ ಒಂದು ನರಪಿಳ್ಳೆಯ ಹತ್ತಿರ ಬಾಯಿಬಿಟ್ಟಿರಲಿಲ್ಲ. ಒಂದು ಮಾತು ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ, ಟೀ ತರಿಸಿದ. ಮೇಷ್ಟ್ರು ಲೋಟವನ್ನು ಹಾಗೆಯೇ ಕೆಳಗಿಟ್ಟರು.

"ಮೂರು ಗಂಟೆ ಒಳಗೆ ವಾಪಸ್ ಬರ್ತೀನಿ. ಅಲ್ಲೀತನಕ ಏನೂ ಬರೆದುಕೊಡಬೇಡ," ಎಂದು ಹೇಳಿ ಮೇಷ್ಟ್ರು ಕಾಮಗೆರೆಯ ದಾರಿ ಹಿಡಿದರು.

*

ದಾರಿಯುದ್ದಕ್ಕೂ ಅವರ ಕಣ್ಣಿಗೆ ಕಟ್ಟಿದ್ದು ಒಂದೇ ಚಿತ್ರ. ಶಾಂತರಾಜು ಬಿದ್ದಾಗ ಎಲ್ಲರಿಗಿಂತ ಮೊದಲು ಅವನನ್ನು ಮುಟ್ಟಿದವಳು ಅವನ ಹೆಂಡತಿ. ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬೊಬ್ಬೆ ಹಾಕುತ್ತಿದ್ದಳು. ಜನವೆಲ್ಲ ರೇಸು ಶುರುವಾಗುವ ಗೆರೆಯ ಹತ್ತಿರ ನಿಂತಿದ್ದರು, ಓಡಿದ್ದೂ ಅಲ್ಲಿಂದ. ರೂಪ ಮಾತ್ರ ಎದುರು ದಿಕ್ಕಿನಿಂದ, ತಿರುವಿನ ಕಡೆಯಿಂದ ಓಡಿ ಬಂದಿದ್ದಳು. ಅರದ ಗೀರು ನೋಡಿ ಕಳ್ಳರನ್ನು ಹಿಡಿಯುವ ಪತ್ತೇದಾರರಿಗೆ ಕಣ್ಣೆದುರಿಗೇ ಓಡಿಬಂದ ಹೆಂಗಸು ಕಾಣಲಿಲ್ಲ. ತಮ್ಮ ತಪ್ಪನ್ನು ಮುಚ್ಚಿಕೊಳ್ಳುವ ಗಡಿಬಿಡಿಯಲ್ಲಿದ್ದವರಿಗೆ ಕಾಣುವುದಾದರೂ ಹೇಗೆ?

ರೂಪ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕು ತೊಳೆಯುತ್ತಿದ್ದಳು. ಇಪ್ಪತ್ತೇಳರ ಹೆಂಗಸು, ಐದು ದಿನದ ನಿದ್ದೆಗೇಡು ಮುಖದ ಮೇಲಿತ್ತು. ಮೇಷ್ಟ್ರು ಎಂಟ್ರಿ ಫಾರಂ ಅವಳ ಮುಂದೆ ಹಿಡಿದರು.

"ನಿಮ್ಮ ತಾತ ಚೆನ್ನಾಗಿದ್ದಾರಮ್ಮ. ಎಲೆ ಹಾಕ್ಕೋತಾ ಕೂತಿದ್ರು."

ಅವಳು ಫಾರಂ ಓದಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿಮಾಡಿ ಪಕ್ಕಕ್ಕಿಟ್ಟಳು.

"ಪೊಲೀಸ್ನೋರ್ಗೂ ಏಳಿದೀರಾ?"

"ಇನ್ನೂ ಇಲ್ಲ. ಯಾಕಮ್ಮ ಹಿಂಗೆ ಮಾಡಿದೆ?"

"ನೀವೇ ಬರ್ದಿರಾದಲ್ವಾ ಸಾ, ಆರ್ ಜನ ಇರ್ಬೇಕು ಅಂತ? ಅವ್ನು ಒಂದೊರ್ಸದಿಂದ ಆ ಗಾಡಿ ಜೊತೇಲೇ ಮಲ್ಗಿ ಎದ್ದವ್ನೆ. ಐದೇ ಜನ ಅಂದಾಗ ಊಟ ಬುಟ್ಟ. ನಂತಾವ ಇನ್ನೊಂದ್ ಗಾಡಿ ಇತ್ತು, ಡೈರಿಗೆ ಆಲ್ ಆಕ್ತಿದ್ದುದ್ದು. ನಾನ್ ಓಡುಸ್ತೀನಿ ಅಂದೆ. ಒಂದ್ ಗ್ಯಾರೇಜಿಗೆ ಒಂದೇ ಎಂಟ್ರಿ ಅಂತ್ಲೂ ನೀವೇ ಬರ್ದಿದೀರಿ. ಅದ್ಕೇ ತಾತನ್ ಎಸ್ರು, ಗಾಡಿ ಗುರ್ತ್ ಸಿಗ್ಬಾರ್ದು ಅಂತ ಮಾದಣ್ಣನ್ ಟ್ಯಾಂಕು."

ಬರೆದ ಒಂದೊಂದು ನಿಯಮವೂ ಸಾಲಾಗಿ ಬಂದು ಮುಖಕ್ಕೆ ಹೊಡೆದಂತಾಯಿತು.

"ಸಾಲಲ್ಲಿ ನಿಂತಿದ್ದಾಗ ಎದೆ ಡವಡವ ಅಂತಿತ್ತು," ಎಂದಳು ರೂಪ. "ಮೇಷ್ಟ್ರು ಎಲ್ಮೆಟ್ ತೆಗ್ಸ್ತಾರೆ, ಇಡ್ಕತಾರೆ ಅಂತ. ನೀವು ಓಗು ಅಂದ್ಬುಟ್ರಿ."

"ಚೈನು ಹಾಕಿದ್ದು ಯಾರು?"

ಅವಳು ವಾರ್ಡಿನ ಕಿಟಕಿಯ ಕಡೆ ನೋಡಿದಳು. ಒಳಗೆ ಶಾಂತರಾಜು ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ. ಅವನೂ ಮೇಷ್ಟ್ರ ಶಿಷ್ಯನೇ, ಹನ್ನೆರಡು ವರ್ಷದ ಹಿಂದಿನ ಬ್ಯಾಚು.

"ರೂಪ, ಲಾಕು ಉಲ್ಟಾ ಇತ್ತು. ಮಾದಣ್ಣ ಹಾಕಿಲ್ಲ. ನೀನು ಹಾಕಿದ್ಯಾ?"

"ನಂಗೆ ಓಡ್ಸಕ್ ಬತ್ತದೆ, ಬಿಚ್ಚಕ್ ಬರಲ್ಲ."

"ಮತ್ತೆ?"

"ಅವ್ನೇ ಆಕಿದ್ದು." ಅವಳು ಫ್ಲಾಸ್ಕನ್ನು ಮಡಿಲಿಗೆಳೆದುಕೊಂಡಳು. "ಬೇಕೂ ಅಂತ್ಲೇ ಆಕ್ದ್ನಂತೆ. ಇವತ್ ಬೆಳಿಗ್ಗೆ ಬಾಯ್ಬುಟ್ಟ."

ಮೇಷ್ಟ್ರಿಗೆ ತಕ್ಷಣ ಅರ್ಥವಾಗಲಿಲ್ಲ. "ಬೇಕು ಅಂತ? ನೀನು ಬೀಳ್ಲಿ ಅಂತಲಾ?"

"ಅಯ್ಯೋ, ಅಲ್ಲ ಸಾ! ಗಾಡಿ ಸಾಲಿಗೆ ಬಂದ್ ನಿಂತ್ರೆ ಸಾಕು, ಎಂಟ್ರಿ ಆರಾಯ್ತದೆ. ಆಮೇಕೆ ತಪಾಸಣೇಲಿ ನೀವು ತೆಗ್ದಾಕುದ್ರೂ ವರ್ಗ ಉಳ್ಕತದೆ. ಅದೂ ನಿಮ್ಮ್ ನಿಯಮಾನೇ. ನಾನ್ ಓಡುಸ್ಬಾರ್ದು ಅಂತ ಅವ್ನ್ ಆಸೆ. ಬಾಯ್ಬುಟ್ಟು ಏಳಿದ್ರೆ ನಾನ್ ಕೇಳಕಿಲ್ಲ ಅಂತ ಗೊತ್ತು. ಲಾಕ್ ತಿರುಗ್ಸಿ ಆಕ್ಬುಟ್ಟ. ಮೇಷ್ಟ್ರು ಬಿಡಕಿಲ್ಲ, ಮೀನ್ ಬಾಲ ಕಂಡ್ ತಕ್ಷಣ ಓಡುಸ್ತಾರೆ, ಮೂವತ್ ವರ್ಸದಲ್ಲಿ ಒಂದ್ ಸಲಾನೂ ತಪ್ಪಿಲ್ಲ ಅಂತ..."

 

ಮೇಷ್ಟ್ರು ಮೆಟ್ಟಿಲ ಮೇಲೆ ಕೂತುಬಿಟ್ಟರು. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದರು. ಇಡೀ ಹನೂರು ತಾಲ್ಲೂಕಿನಲ್ಲಿ ತಮ್ಮ ಕಣ್ಣನ್ನು ನಂಬಿ ಹೆಂಡತಿಯ ಜೀವವನ್ನೇ ಪಣಕ್ಕಿಟ್ಟವನು ಒಬ್ಬನಿದ್ದ. ಅವನನ್ನೇ ಕೆಡವಿದ್ದರು.

"ಓಟ ಸುರುವಾಗಕ್ ಮುಂಚೆ ಪಕ್ದಲ್ಲಿ ನನ್ ಗಾಡಿ ನೋಡ್ದ," ಎಂದಳು ರೂಪ. "ಕೈ ಆಡುಸ್ದ, ಬ್ಯಾಡ ಬ್ಯಾಡ ಅಂತ. ಸೋಲ್ತೀನಿ ಅಂತ ಎದ್ರುಕತಾವ್ನೆ ಅಂದ್ಕಂಡೆ. ಮೇಷ್ಟ್ರು ಲಾಕ್ ಸರಿ ಮಾಡ್ಸೇ ಬುಟ್ಟಿರ್ತಾರೆ ಅಂತ ಅವ್ನೂ ಸುಮ್ಕಾದ್ನಂತೆ. ನಾನ್ ಬೀಳ್ಬಾರ್ದು ಅಂತ ತಡುದ್ನೋ, ಗೆಲ್ಬಾರ್ದು ಅಂತ ತಡುದ್ನೋ, ಅದ್ನ ಮಾತ್ರ ಏಳ್ನಿಲ್ಲ."

"ನನ್ನದೇ ತಪ್ಪಮ್ಮ."

"ತಪ್ಪು ಯಾರ್ದಾದ್ರೂ ಆಗ್ಲಿ ಸಾ." ಅವಳು ಕೈಮುಗಿದಳು. "ಪೊಲೀಸ್ನೋರ್ಗೆ ಮಾತ್ರ ಏಳ್ಬೇಡಿ. ಮುರ್ದ ಕಾಲ್ ಇಟ್ಕಂಡು ಅವ್ನು ಜೈಲ್ಗೋದ್ರೆ ನಾವ್ ಬದುಕಕಿಲ್ಲ."

"ನಾನು ಹೇಳದಿದ್ರೆ ಮಾದಣ್ಣ ಹೋಗ್ತಾನೆ."

ಅವಳ ಮುಗಿದ ಕೈ ಹಾಗೆಯೇ ಉಳಿಯಿತು. ಮಾದಣ್ಣನ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ.

ಆಗ ಮೇಷ್ಟ್ರ ಫೋನು ಬಡಿದುಕೊಂಡಿತು. ಸೆಕ್ರೆಟರಿ ಚನ್ನಬಸವ. ಅವನ ದನಿಯಲ್ಲಿ ಹಬ್ಬದ ಖುಷಿ.

"ಮೇಷ್ಟ್ರೇ, ಮುಗೀತು ಕಣ್ರಿ! ಮಾದ ಒಪ್ಕಂಡ್ಬುಟ್ಟ. ಮೂರ್ ಗಂಟೆ ತನ್ಕ ಕಾಯ್ನಿಲ್ಲ, ತಾನಾಗೇ ಠಾಣೆಗ್ ಬಂದು ಬರ್ಕೊಟ್ಟ. ಮೇಷ್ಟ್ರು ಗಾಡಿ ಪೂರಾ ನೋಡಿ ಪಾಸ್ ಮಾಡಿದ್ರು, ಆಮೇಲೆ ನಾನೇ ಚೈನ್ ಬಿಚ್ಚಿ ಉಲ್ಟಾ ಲಾಕ್ ಆಕ್ದೆ, ಓಡಿಸ್ದೋನೂ ನಾನೇ ಅಂತ. ನಿಮ್ಮ್ ಎಸ್ರಿಗೆ ಒಂದ್ ಚುಕ್ಕೆ ಇಲ್ಲ!"

"ಚನ್ನಬಸವ, ಕೇಳು—"

"ಎಲ್ಲಿದೀರಿ ನೀವು? ಕಾಮಗೆರೆ ಅಲ್ವಾ? ಜೀಪ್ ಅಲ್ಲಿಗೇ ಒಂಟು ಆಗ್ಲೇ ಒತ್ತಾಯ್ತು. ಶಾಂತರಾಜು ಹೇಳಿಕೆ ತಕಬೇಕಂತೆ. ನಿಮ್ದೂ ಒಂದ್ ಸೈನ್ ಬೇಕಂತೆ, ಅಷ್ಟೇಯ."

ಫೋನು ಇಡುವಷ್ಟರಲ್ಲಿ ಜೀಪು ಗೇಟಿನಲ್ಲಿತ್ತು. ಸಬ್ ಇನ್ಸ್‌ಪೆಕ್ಟರು ಇಳಿದರು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಒಂದು ಹಾಳೆ. ಹಿಂದಿನ ಸೀಟಿನಲ್ಲಿ ಇಬ್ಬರು ಕಾನ್‌ಸ್ಟೇಬಲ್‌ಗಳ ನಡುವೆ ಮಾದಣ್ಣ. ಮೇಷ್ಟ್ರನ್ನು ಕಂಡದ್ದೇ ಅಭ್ಯಾಸಬಲದಿಂದ ಎದ್ದು ನಿಲ್ಲಲು ಹೋಗಿ ಜೀಪಿನ ಸರಳಿಗೆ ತಲೆ ಬಡಿಸಿಕೊಂಡ.

"ಒಳ್ಳೇದಾಯ್ತು ಸಿಕ್ಕಿದಿರಿ," ಎಂದರು ಇನ್ಸ್‌ಪೆಕ್ಟರು. "ಒಂದೇ ಪ್ರಶ್ನೆ ಮೇಷ್ಟ್ರೇ. ನೀವು ತಪಾಸಣೆ ಮಾಡಿದಾಗ ಚೈನ್ ಲಾಕ್ ಸರಿಯಾಗೇ ಇತ್ತು ತಾನೇ?"

ಮೇಷ್ಟ್ರು ಬಾಯಿ ತೆರೆದರು. ನಾನು ನೋಡಲೇ ಇಲ್ಲ ಎಂದರೆ ಮಾದಣ್ಣ ಉಳಿಯುತ್ತಾನೆ, ಲಾಕು ತಿರುಗಿಸಿದವನನ್ನು ಹುಡುಕಿಕೊಂಡು ಇವರು ವಾರ್ಡಿಗೆ ಹೋಗುತ್ತಾರೆ. ಅದು ನೆಪ ಎಂದು ಅವರಿಗೇ ಗೊತ್ತಿತ್ತು. ಬಿಟ್ಟುಕೊಡಲು ಮನಸ್ಸು ಬಾರದಿದ್ದದ್ದು ಮೂವತ್ತೊಂದು ವರ್ಷದ ಹೆಸರನ್ನು.

"ಸರಿಯಾಗಿತ್ತು ಸಾ!" ಜೀಪಿನಿಂದ ಮಾದಣ್ಣ ಕೂಗಿದ. "ನಾನ್ ಅಲ್ಲೇ ಇದ್ದೆ. ಬಗ್ಗಿ ನೋಡುದ್ರು ಮೇಷ್ಟ್ರು."

"ನಿನ್ನ ಕೇಳ್ಲಿಲ್ಲ ಕೂತ್ಕೊಳ್ಳೋ. ಮೇಷ್ಟ್ರೇ?"

"ಇತ್ತು," ಎಂದರು ಶಾಂತಮೂರ್ತಿ.

ಇನ್ಸ್‌ಪೆಕ್ಟರು ತಲೆಯಾಡಿಸಿ ಹಾಳೆ ಮುಂದೆ ಹಿಡಿದರು, ಪೆನ್ನಿನ ಮುಚ್ಚಳ ತೆಗೆದುಕೊಟ್ಟರು. ಮೇಷ್ಟ್ರು ಪೆನ್ನು ಹಿಡಿದು ಬಗ್ಗಿದರು.

ಅವರ ಪಕ್ಕದಿಂದ ರೂಪ ಮೆಟ್ಟಿಲಿಳಿದಳು. ವಾರ್ಡಿನ ಕಿಟಕಿಯ ಕಡೆ ತಿರುಗಿ ನೋಡದೆ ನೇರವಾಗಿ ಜೀಪಿನ ಹತ್ತಿರ ಹೋದಳು, ಮಾದಣ್ಣನ ಮುಖವನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಇನ್ಸ್‌ಪೆಕ್ಟರ ಕಡೆ ತಿರುಗಿದಳು.

"ಸುಳ್ಳು ಸಾ. ಮೇಷ್ಟ್ರು ಬಗ್ಗೇ ಇಲ್ಲ. ಗಾಡಿ ಮೇಲ್ ಕುಂತಿದ್ದೋಳು ನಾನು."